ಆಯುಧಪೂಜೆಗಿಟ್ಟ ಸಿಆರ್‌ಓ

ಮಹಾನಂದಾಗೆ ಕರೆಂಟೆಂದರೆ ಭಯವೇ ಇಲ್ಲ ಎಂದು ಪೀಣ್ಯದ ಆ ವಠಾರದವರೆಲ್ಲ ಹೇಳುತ್ತಿದ್ದರು. ಶುದ್ಧ ಸುಳ್ಳು. ಕರೆಂಟಿಗೆ ಅವಳಷ್ಟು ಹೆದರುವ ಜೀವ ಆ ಬೀದಿಯಲ್ಲೇ ಇರಲಿಲ್ಲ. ಉಳಿದವರು ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟು, ನೀರು ಕಾದಿದೆಯೋ ಇಲ್ಲವೋ ಎಂದು ಅದೇ ನೀರಿಗೆ ಬೆರಳದ್ದಿ ನೋಡುವ ಮಹಾಪುರುಷರು. ಅದನ್ನು ಕಂಡರೆ ಮಹಾನಂದಾ ಓಡಿಹೋಗಿ ಸ್ವಿಚ್ ಆರಿಸುತ್ತಿದ್ದಳು. ಹೆದರಿಕೆಯೇ ಇಲ್ಲದವರ ನಡುವೆ ಹೆದರುತ್ತ ಹೆದರುತ್ತ ಕೆಲಸ ಮಾಡುವವಳಿಗೆ ಧೈರ್ಯವಂತೆ ಎಂಬ ಹೆಸರು ಬಂದಿತ್ತು, ಅಷ್ಟೇ.

ಅವಳ ಊರು ಇಂಡಿಯ ಹತ್ತಿರದ ಒಂದು ಹಳ್ಳಿ. ವಿಜಾಪುರದಲ್ಲಿ ಐಟಿಐ ಮುಗಿಸಿ, ವೆಲ್ಡಿಂಗ್ ಕೆಲಸದ ಸಂಗಣ್ಣನನ್ನು ಮದುವೆಯಾಗಿ ಬೆಂಗಳೂರಿಗೆ ಬಂದಿದ್ದಳು. ಪೀಣ್ಯದ ಒಂದು ಯುಪಿಎಸ್ ಫ್ಯಾಕ್ಟರಿಯಲ್ಲಿ ಟೆಸ್ಟಿಂಗ್ ಟೇಬಲ್ಲಿನ ಕೆಲಸ ಸಿಕ್ಕಿತು. ಒಂದು ದಿನ ಗುಜರಿಗೆ ಹೋಗಲು ಬಿದ್ದಿದ್ದ ಸತ್ತ ಮೀಟರೊಂದನ್ನು ಕೇಳಿ ಮನೆಗೆ ತಂದಳು. ಬಿಚ್ಚಿ ನೋಡಿದರೆ ಒಳಗೆ ಒಂದು ತಂತಿ ಕಿತ್ತುಬಂದಿತ್ತು. ಬೆಸುಗೆ ಹಾಕಿದ ಕೂಡಲೇ ಮುಳ್ಳು ನಡುಗಿ ಮೇಲೆದ್ದಿತು. ಅಲ್ಲಿಂದ ಹತ್ತಿದ ಹುಚ್ಚು ಇಳಿಯಲೇ ಇಲ್ಲ. ಭಾನುವಾರ ಬಂತೆಂದರೆ ಉಳಿದ ಹೆಂಗಸರು ಟಿವಿ ಮುಂದೆ ಕೂತರೆ ಇವಳು ಗುಜರಿ ಅಂಗಡಿಗಳ ಮುಂದೆ. ಕೆಟ್ಟ ಮೀಟರು, ಕೆಟ್ಟ ಪವರ್ ಸಪ್ಲೈ, ಕೆಟ್ಟ ಸಿಆರ್‌ಓ. ಸಿಆರ್‌ಓ ಎಂದರೆ ಪುಟ್ಟ ಟಿವಿಯಂಥ ಡಬ್ಬಿ. ತಂತಿಯೊಳಗೆ ಕರೆಂಟು ಹೇಗೆ ಏರಿಳಿಯುತ್ತಿದೆ ಎಂಬುದನ್ನು ಹಸಿರು ಗೆರೆಯಾಗಿ ಬರೆದು ತೋರಿಸುತ್ತದೆ. ಸತ್ತ ಸಿಆರ್‌ಓದಲ್ಲಿ ಆ ಗೆರೆ ಮೂಡಿಸುವುದೆಂದರೆ ಅವಳಿಗೆ ಪಂಚಪ್ರಾಣ.

“ಮನ್ಯಾಗ ಕಾಲಿಡಾಕ ಜಾಗ ಇಲ್ಲ. ನಾ ಎಲ್ಲಿ ಮಕ್ಕೋಬೇಕು? ಈ ಡಬ್ಬಿ ಮ್ಯಾಲೋ?” ಎಂದು ಸಂಗಣ್ಣ ರೇಗುತ್ತಿದ್ದ.

“ಮಕ್ಕೋ. ಬೆಚ್ಚಗ ಇರ್ತದ,” ಎನ್ನುತ್ತಿದ್ದಳು.

ಆದರೆ ತಮಾಷೆಯ ಡಬ್ಬಿಗಳಲ್ಲ ಅವು. ಒಂದು ಸಲ ಸ್ವಿಚ್ ಆರಿಸಿ, ಪ್ಲಗ್ ಕಿತ್ತು ಪಕ್ಕಕ್ಕಿಟ್ಟಿದ್ದ ಸಿಆರ್‌ಓವೇ ಒಳಗೆ ಉಳಿಸಿಕೊಂಡಿದ್ದ ಕರೆಂಟಿನಿಂದ ಅವಳನ್ನು ಹೊಡೆದು ಗೋಡೆಗೆ ಎಸೆದಿತ್ತು. ಸಂಗಣ್ಣ ಬಂದು ನೋಡಿದಾಗ ಅವಳು ಮೂಲೆಯಲ್ಲಿ ಕೂತು ತನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅಂದಿನಿಂದ ಕಾಲಿಗೆ ರಬ್ಬರ್ ಚಪ್ಪಲಿಯಿಲ್ಲದೆ, ಕಾಲಡಿಗೆ ಮರದ ಮಣೆಯಿಲ್ಲದೆ ಡಬ್ಬಿ ಮುಟ್ಟಿದವಳಲ್ಲ. ಅಷ್ಟು ಜಾಗ್ರತೆಯ ಹೆಂಗಸು. ಆ ಜಾಗ್ರತೆಯೇ ಅವಳನ್ನು ಏಮಾರಿಸಿತು ನೋಡಿ.

ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷಗಳು ಅವು. ಹೆಗ್ಗನಹಳ್ಳಿಯ ಮುನೀಂದ್ರ ಒಂದು ಸಿಆರ್‌ಓ ಬೇಕೆಂದು ದುಂಬಾಲು ಬಿದ್ದಿದ್ದ. ಮದುವೆಯಾದ ಹೊಸದರಲ್ಲಿ ಮಹಾನಂದಾ, ಸಂಗಣ್ಣ ಬಾಡಿಗೆಗಿದ್ದದ್ದು ಇವನ ಮನೆಯಲ್ಲೇ. ಇವನ ತಾಯಿ ಅಂಜನಮ್ಮ ಅವಳಿಗೆ ಮುದ್ದೆ ತಿರುವುವುದನ್ನು ಕಲಿಸಿದವಳು. ಜ್ವರ ಬಂದಾಗ ತಲೆಗೆ ತಣ್ಣೀರು ಪಟ್ಟಿ ಹಾಕಿ ಕೂತವಳು. ಮುನೀಂದ್ರನ ಮಗಳು ವೇಣಿ ಹುಟ್ಟಿದಾಗ ಬಾಣಂತಿಯ ಕೋಣೆಗೆ ಮೊದಲು ಹೊಕ್ಕು ಕೂಸನ್ನು ಎತ್ತಿಕೊಂಡವಳು ಮಹಾನಂದಾ. ಈಗ ವೇಣಿ ಅಂಗನವಾಡಿಗೆ ಹೋಗುತ್ತಿದ್ದಳು. ಮುನೀಂದ್ರ ಮನೆಯ ಕೆಳಗೆ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ, ಜೊತೆಗೆ ಮನೆಮನೆಯ ಯುಪಿಎಸ್ ರಿಪೇರಿಯನ್ನೂ ಶುರು ಮಾಡಬೇಕೆಂದಿದ್ದ. ಇಂಥವರಿಗೆ ಇಲ್ಲವೆನ್ನಲಾದೀತೆ? ತನ್ನ ಹತ್ತಿರವಿದ್ದುದರಲ್ಲೇ ಚೆನ್ನಾದ ಹಳೆಯ ಸಿಆರ್‌ಓ ಒಂದನ್ನು ಸರಿಮಾಡಿ ಪುಕ್ಕಟೆ ಕೊಡುತ್ತೇನೆ ಎಂದಳು.

ಹಬ್ಬದ ಹಿಂದಿನ ದಿನ ಸಂಜೆ ಅವನು ಬೈಕಿನಲ್ಲಿ ಬಂದು ವಠಾರದ ಮುಂದೆ ಹಾರ್ನ್ ಬಾರಿಸತೊಡಗಿದ.

“ಅಕ್ಕಾ, ಬೇಗ ಕೊಡಿ ಅಕ್ಕಾ. ನಾಳೆ ಆಯುಧಪೂಜೆಗೆ ಇಡ್ಬೇಕು. ಅಮ್ಮ ಆಗ್ಲೇ ಅದಕ್ಕಂತ ಹೂವಿನ ಹಾರ ಕಟ್ತಾವ್ಳೆ!”

ಮಹಾನಂದಾ ಗಡಿಬಿಡಿಯಿಂದ ಮುಚ್ಚಳ ಮುಚ್ಚಿ ಸ್ಕ್ರೂ ಬಿಗಿದಳು. ಬಟ್ಟೆಯಿಂದ ಒರೆಸಿದಳು. ಒಂದು ಸಲ ಹಚ್ಚಿ, ಹಸಿರು ಗೆರೆ ತೋರಿಸಿ, ಬೈಕಿನ ಹಿಂದೆ ಕಟ್ಟಿಸಿ ಕಳಿಸಿದಳು. ಆ ರಾತ್ರಿ ಬಲು ನೆಮ್ಮದಿಯಾಗಿ ನಿದ್ದೆ ಮಾಡಿದಳು.

ಮರುದಿನ ಫ್ಯಾಕ್ಟರಿಯಲ್ಲಿ ಹಬ್ಬದ ಗದ್ದಲವೋ ಗದ್ದಲ. ಮೆಷಿನ್ನುಗಳಿಗೆಲ್ಲ ವಿಭೂತಿ, ಕುಂಕುಮ, ಬಾಳೆಕಂದು. ಗಂಡಸರು ಹೊಸ ಶರ್ಟು ತೊಟ್ಟು ಕಡ್ಲೆಪುರಿಯ ಪೊಟ್ಟಣಗಳ ಮೇಲೆ ಕಣ್ಣಿಟ್ಟಿದ್ದರು. ಮಹಾನಂದಾ ರೇಷ್ಮೆಯಂಥ ಒಂದು ಸೀರೆ ಉಟ್ಟು ಹೂವಿನ ಬುಟ್ಟಿ ಹಿಡಿದುಕೊಂಡು, ಗುಡಿಸುವ ಕೆಲಸದ ಭದ್ರಮ್ಮನ ಹಿಂದೆ ಹಿಂದೆ ನಡೆದಿದ್ದಳು. ಭದ್ರಮ್ಮ ಎಲ್ಲ ಮೆಷಿನ್ನುಗಳನ್ನೂ ಮುಗಿಸಿ, ತುಂಬಿದ ಚೊಂಬು ಹಿಡಿದು ಕಟ್ಟಡದ ಹಿಂದಕ್ಕೆ ಹೋದಳು. ಅಲ್ಲಿ ಗೋಡೆಯ ಬುಡದಲ್ಲಿ ಅರ್ತಿಂಗ್ ಗುಂಡಿಯಿತ್ತು.

“ಇದಕ್ಕೂ ಪೂಜೆ ಐತೇನ್ರಿ?” ಎಂದು ಮಹಾನಂದಾ ನಕ್ಕಳು.

“ಊಂ ಮತ್ತೆ! ನಮ್ಮೆಲ್ಲಾರ್ ಜೀವ ಕಾಯೋದು ಇದೇ ಅಂತ ಸೂಪರ್‌ವೈಸರ್ ಸಾರ್ ಹೇಳಿಲ್ವಾ? ಮೆಷಿನ್ ಮೈಗೆ ಸೋರಿದ್ ಕರೆಂಟೆಲ್ಲ ಹಸ್ರು ವೈರ್‌ನಾಗೆ ಇಲ್ಲೀಗ್ ಬಂದು ಮಣ್ಣಾಗ್ತದಂತೆ. ಒಂದ್ ಚೊಂಬು ನೀರು ಉಯ್ದು ಕೈಮುಗಿಯಕ್ಕೇನು?” ಎಂದು ಭದ್ರಮ್ಮ ಗುಂಡಿಗೆ ನೀರು ಸುರಿದಳು.

ಹೂ ಹಾಕಲು ಚಾಚಿದ ಮಹಾನಂದಾಳ ಕೈ ಅಲ್ಲೇ ನಿಂತಿತು.

ಹಸಿರು ವೈರು. ಸಿಆರ್‌ಓದ ಹಸಿರು ವೈರನ್ನು ನಾನು ಬಿಚ್ಚಿದ್ದೆ. ಮತ್ತೆ ಹಾಕಿದೆನೇ?

ಹಾಕಿರಲಿಲ್ಲ. ಮುನೀಂದ್ರ ಯುಪಿಎಸ್ ಬೋರ್ಡುಗಳನ್ನು ನೋಡಬೇಕೆಂದಿದ್ದ. ಆ ಬೋರ್ಡುಗಳಿಗೆ ಮನೆಯ ಲೈನಿನಿಂದ ನೇರ ಕರೆಂಟು. ಒಳಗೆ ಹಸಿರು ವೈರಿಗೆ ಸೇರಿಕೊಂಡಿರುವ ಸಿಆರ್‌ಓದ ಕ್ಲಿಪ್ಪನ್ನು ಅದಕ್ಕೆ ಸಿಕ್ಕಿಸಿದರೆ ಆ ಕರೆಂಟು ಅರ್ತಿಂಗಿನ ದಾರಿ ಹಿಡಿದು ಢಮಾರ್ ಎನ್ನುತ್ತದೆ. ಅದಕ್ಕೆ ರಿಪೇರಿಯವರೆಲ್ಲ ಒಂದು ಕಳ್ಳದಾರಿ ಕಂಡುಕೊಂಡಿದ್ದಾರೆ: ಅರ್ತಿಂಗನ್ನೇ ಕಿತ್ತುಬಿಡುವುದು. ತಪ್ಪೆಂದು ಎಲ್ಲರಿಗೂ ಗೊತ್ತು, ಎಲ್ಲರೂ ಮಾಡುತ್ತಾರೆ. ಮಹಾನಂದಾಳೂ ಒಂದು ಬೋರ್ಡು ಹಿಡಿದು ಪರೀಕ್ಷೆ ಮಾಡಲು ಮುಚ್ಚಳದೊಳಗಿನ ಹಸಿರು ವೈರನ್ನು ಬಿಚ್ಚಿ ಪಕ್ಕಕ್ಕೆ ಮಡಚಿದ್ದಳು. ಆಮೇಲೆ ಹಾಕೋಣವೆಂದುಕೊಂಡಿದ್ದಳು. ಆ ಆಮೇಲೆ ಬರುವಷ್ಟರಲ್ಲಿ ಬೈಕಿನ ಹಾರ್ನ್ ಬಂದಿತ್ತು.

ಅದರ ಟ್ರಾನ್ಸ್‌ಫಾರ್ಮರ್ ಹಳೆಯದು. ಥಂಡಿ ಹಿಡಿದು ಹಿಡಿದು ಕರೆಂಟು ಅದರ ಕಬ್ಬಿಣದ ಮೈಗೆ ಒಂದಿಷ್ಟು ಒಸರುತ್ತಿತ್ತೆಂಬುದು ಅವಳಿಗೆ ಗೊತ್ತಿತ್ತು. ಹಸಿರು ವೈರು ಇದ್ದಿದ್ದರೆ ಅದು ಮಣ್ಣಿಗೆ ಹೋಗುತ್ತಿತ್ತು. ಈಗ ಮುಟ್ಟಿದವರ ಮೈಯೇ ಅದಕ್ಕೆ ದಾರಿ. ಮಣೆಯ ಮೇಲೆ, ರಬ್ಬರ್ ಚಪ್ಪಲಿಯಲ್ಲಿ ನಿಂತ ತನಗೆ ಅದು ಹೊಡೆಯಲೇ ಇಲ್ಲ, ವೈರು ಹಾಕಿಲ್ಲವೆಂದು ಹೇಗೆ ತಿಳಿಯಬೇಕು?

ಅಂಜನಮ್ಮ ಪೂಜೆ ಮಾಡುವ ರೀತಿ ಅವಳ ಕಣ್ಣಿಗೆ ಕಟ್ಟಿತು. ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿಗೆ ಬಟ್ಟೆ ಸುತ್ತಿ, ಅಂಗಡಿಯ ನೆಲವನ್ನು ಬಕೆಟ್ಟುಗಟ್ಟಲೆ ನೀರಲ್ಲಿ ತೊಳೆದು, ಬರಿಗಾಲಲ್ಲಿ ನಿಂತು, ಒದ್ದೆ ಬಟ್ಟೆಯಲ್ಲಿ ಒಂದೊಂದೇ ಸಾಮಾನನ್ನು ಮಗುವಿನ ಮುಖದಂತೆ ಒರೆಸುತ್ತಾಳೆ. ಒದ್ದೆ ಬಟ್ಟೆಯ ನೀರು ಸಂದಿಯಲ್ಲಿ ಇಳಿದರೆ ಒಸರು ಹೋಗಿ ಪೂರ್ತಿ ಕರೆಂಟೇ ಮೈಗೆ ಬಂದೀತು. ಹೂವಿನ ಬುಟ್ಟಿ ಮಹಾನಂದಾಳ ಕೈಜಾರಿ ಗುಂಡಿಯ ನೀರಿನಲ್ಲಿ ಬಿತ್ತು.

“ಯಾಕಮ್ಮ, ಏನಾಯ್ತು?” ಎಂದು ಭದ್ರಮ್ಮ ಕೇಳುವಷ್ಟರಲ್ಲಿ ಅವಳು ಮೊಬೈಲು ಹೊರತೆಗೆದಿದ್ದಳು.

ಮುನೀಂದ್ರನ ಫೋನಿಗೆ ಹಚ್ಚಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದಳು. ಎತ್ತುವುದೆಲ್ಲಿಂದ? ಆಯುಧಪೂಜೆಯ ದಿನ ಆ ಮನೆಯಲ್ಲಿ ಸುತ್ತಿಗೆ, ಸ್ಪ್ಯಾನರಿನ ಜೊತೆ ಮೊಬೈಲುಗಳೂ ಪೂಜೆಯ ತಟ್ಟೆ ಸೇರುತ್ತವೆ. ಗಂಟೆ ಬಾರಿಸುವಾಗ ಬಾಯಿ ಮಾಡಬಾರದೆಂದು ಅವುಗಳ ಬಾಯನ್ನೂ ಮುಚ್ಚಿರುತ್ತಾರೆ. ವರ್ಷವೆಲ್ಲ ಕಿವಿ ತಿನ್ನುವ ಫೋನು ಬೇಕಾದ ದಿನವೇ ದೇವರಾಗಿ ಕೂತಿತ್ತು.

ಗೇಟು ದಾಟಿ ರಸ್ತೆಗೆ ಬಂದಳು. ಮೂಲೆಯಲ್ಲಿ ಆಟೋಗಳು ಸಾಲಾಗಿ ನಿಂತಿದ್ದವು. ಎಲ್ಲದಕ್ಕೂ ಬಾಳೆಕಂದು, ಹಾರ, ಚಕ್ರದಡಿ ನಿಂಬೆಹಣ್ಣು.

“ಅಣ್ಣಾ, ಹೆಗ್ಗನಹಳ್ಳಿ! ಲಗೂ ಹೋಗ್ಬೇಕ್ರಿ, ಜೀವದ ಪ್ರಶ್ನೆ ಅದ!”

“ಪೂಜೆ ಆಗೋವರ್ಗೂ ಗಾಡಿ ಕದಲ್ಸಂಗಿಲ್ಲ ಅಕ್ಕ. ಪೂಜಾರಪ್ಪ ಪಕ್ಕದ್ ಬೀದೀಲವ್ನೆ, ಬಂದ್ಬಿಡ್ತಾನೆ.”

“ಅಲ್ಲೀತನಕ ಯಾರರ ಸತ್ರ?”

“ಹಬ್ಬದ್ ದಿನ ಎಂಥ ಮಾತಾಡ್ತೀರಿ? ಬಿಡ್ತು ಅನ್ನಿ!”

ಬಿಡ್ತು ಅನ್ನಲೂ ಅವಳು ನಿಲ್ಲಲಿಲ್ಲ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಓಡಿದಳು. ರಸ್ತೆಯ ತುಂಬ ಒಡೆದ ಬೂದುಗುಂಬಳ. ಒಂದು ಕಡೆ ಜಾರಿ ಮೊಣಕಾಲೂರಿ ಬಿದ್ದಳು. ಕುಂಕುಮ ಕಲಸಿದ ಕುಂಬಳದ ತಿರುಳು ಅಂಗೈಗೆ ಮೆತ್ತಿತು. ಕೆಂಪಗಿದ್ದ ಆ ಕೈಯನ್ನು ನೋಡಿಯೇ ಅವಳಿಗೆ ಅಳು ಬಂತು. “ಯವ್ವಾ ಯಲ್ಲವ್ವ, ಕಾಪಾಡವ್ವಾ, ಇನ್ನೊಮ್ಮೆ ಆ ಡಬ್ಬಿ ಮುಟ್ಟಂಗಿಲ್ಲ” ಎಂದು ಬಾಯಿಬಿಟ್ಟೇ ಹೇಳುತ್ತ ಓಡಿದಳು. ಎದುರು ಬಂದವರು ದೇವರು ಮೈಮೇಲೆ ಬಂದಿದೆಯೆಂದು ದಾರಿ ಬಿಟ್ಟರು.

ಓಡುವಾಗ ಮನಸ್ಸು ಸುಮ್ಮನಿರುತ್ತದೆಯೇ? ಅಂಜನಮ್ಮ ನೆಲಕ್ಕೆ ಬಿದ್ದಿದ್ದಾಳೆ, ಯಾರೋ ಎತ್ತಲು ಹೋಗಿ ಅವರಿಗೂ ಹೊಡೆದಿದೆ, ಹೀಗೆ ಒಂದರ ಮೇಲೊಂದು ಚಿತ್ರ. ಅದರ ನಡುವೆ ಒಂದು ಕೆಟ್ಟ ಯೋಚನೆಯೂ ನುಗ್ಗಿತು: ‘ಹಳೇ ಡಬ್ಬಿ, ಅದೇ ಕೆಟ್ಟಿತು ಅಂದ್ರಾಯ್ತು. ಹಸಿರು ವೈರು ಬಿಚ್ಚಿದ್ದು ಯಾರಿಗೆ ಗೊತ್ತಾಗ್ತದ?’ ಥೂ, ತನ್ನ ತಲೆಯಿಂದಲೇ ಬಂತಲ್ಲ ಇದು ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಕೆಯಾಯಿತು. ಹೇಸಿಕೆಗಿಂತ ಹೆದರಿಕೆ ದೊಡ್ಡದಿತ್ತು. ಇನ್ನಷ್ಟು ಜೋರಾಗಿ ಓಡಿದಳು.

ಅಂಗಡಿಯ ಬೀದಿಗೆ ತಿರುಗಿದಾಗ ಗಂಟೆಯ ಸದ್ದು ಕೇಳಿಸಿತು. ಗಂಟೆ ಬಾರಿಸುತ್ತಿದ್ದಾರೆಂದರೆ ಯಾರಿಗೂ ಏನೂ ಆಗಿಲ್ಲ. ಗಂಟೆ ಬಾರಿಸುತ್ತಿದ್ದಾರೆಂದರೆ ಈಗಲೇ ಆಗಬಹುದು.

ಮುನೀಂದ್ರ ಹೊರಗೆ ಬೈಕಿನ ಮುಂದೆ ಕುಂಬಳಕಾಯಿ ಕೊರೆದು ಕುಂಕುಮ ತುಂಬುತ್ತಿದ್ದ. ಅವನನ್ನು ದಾಟಿ ಬಾಗಿಲಿಗೆ ಬಂದಳು. ಒಳಗೆ ನೆಲವೆಲ್ಲ ಒದ್ದೆ, ಕನ್ನಡಿಯಂತೆ ಹೊಳೆಯುತ್ತಿತ್ತು. ಮೋಟಾರುಗಳ ನಡುವೆ, ಕಬ್ಬಿಣದ ಸ್ಟೂಲಿನ ಮೇಲೆ ಸಿಆರ್‌ಓ. ನೆತ್ತಿಗೆ ಚೆಂಡುಹೂವಿನ ಹಾರ, ಹಣೆಗೆ ಮೂರು ಬೆರಳ ವಿಭೂತಿ, ಮುಖದ ಮೇಲೆ ಹಸಿರು ಗೆರೆ. ಹಚ್ಚಿಟ್ಟಿದ್ದರು! ಅಂಜನಮ್ಮನ ಗಂಡ ವೆಂಕಟರಮಣಪ್ಪ ಕಣ್ಣು ಮುಚ್ಚಿ ಗಂಟೆ ಅಲ್ಲಾಡಿಸುತ್ತಿದ್ದ. ಅಂಜನಮ್ಮ ಎಡಗೈಯಲ್ಲಿ ತೀರ್ಥದ ಚೊಂಬು ಹಿಡಿದು, ಬಲಗೈಯಿಂದ ಮೊಮ್ಮಗಳು ವೇಣಿಯ ಕೈಹಿಡಿದು ಸಿಆರ್‌ಓದ ಕಡೆಗೆ ಎಳೆಯುತ್ತಿದ್ದಳು. ಮಗು ಹಿಂದಕ್ಕೆ ಜಗ್ಗುತ್ತ ಅಳುತ್ತಿತ್ತು.

“ಮುಟ್ಟಬ್ಯಾಡ್ರೀ! ಅಮ್ಮಾರೆ, ಕೈ ತಗೀರಿ, ಕೈ ತಗೀರಿ!”

ಗಂಟೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಬಾಗಿಲ ಪಕ್ಕದ ಗೋಡೆಯಲ್ಲಿ ಮೇನ್ ಸ್ವಿಚ್ಚಿತ್ತು. ಮಹಾನಂದಾ ಅದರ ಹಿಡಿಗೆ ಎರಡೂ ಕೈ ಹಾಕಿ ಜೋತುಬಿದ್ದಳು. ಖಟ್ ಎಂದಿತು. ಸೀರಿಯಲ್ ಸೆಟ್ಟು, ಟ್ಯೂಬ್‌ಲೈಟು, ಫ್ಯಾನು, ಹಸಿರು ಗೆರೆ, ಎಲ್ಲ ಒಟ್ಟಿಗೆ ನಂದಿದವು. ಗಂಟೆಯೂ ನಿಂತಿತು.

“ಯಾವಳೇ ಅವ್ಳು, ಮಂಗಳಾರತಿ ಒತ್ನಲ್ಲಿ ಬೆಳಕು ಕಳ್ದೋಳು!” ವೆಂಕಟರಮಣಪ್ಪ ಕೆಂಡವಾದ. “ವರ್ಷದ್ ಅಬ್ಬ, ಅಪ್ಶಕುನ ಮಾಡ್ಬಿಟ್ಯಲ್ಲೇ!”

“ನಮ್ ಮಾನಂದ ಅಲ್ವಾ ಇದು?” ಅಂಜನಮ್ಮ ಬೆರಗಾಗಿ ನೋಡಿದಳು. “ಅಯ್ಯೋ, ಮಂಡಿಯೆಲ್ಲ ರಕ್ತ! ಯಾಕಮ್ಮ ಇಂಗೆ ಓಡ್ಬಂದೆ?”

ಅವಳು ನಿಂತಿದ್ದಳು, ಮಾತಾಡುತ್ತಿದ್ದಳು, ಜೀವಂತವಾಗಿದ್ದಳು. ಮಹಾನಂದಾ ಗೋಡೆಗೊರಗಿ ಕುಸಿದಳು. ಉಸಿರು ಸಿಗದೆ, ತುಂಡು ತುಂಡಾಗಿ ಎಲ್ಲವನ್ನೂ ಹೇಳಿದಳು. ಹಸಿರು ವೈರು ಬಿಚ್ಚಿದ್ದು, ಮರೆತದ್ದು, ಡಬ್ಬಿಯ ಮೈಗೆ ಕರೆಂಟು ಬರುವುದು. ಏನನ್ನೂ ಮುಚ್ಚಿಡಲಿಲ್ಲ.

ಕೇಳುತ್ತ ಕೇಳುತ್ತ ಅಂಜನಮ್ಮನ ಮುಖದ ಬಣ್ಣ ಇಳಿಯಿತು.

“ಕರೆಂಟಾ ಅದು?” ಎಂದಳು ಮೆಲ್ಲಗೆ. “ಬೆಳಿಗ್ಗೆ ಒರೆಸ್ವಾಗ ಕೈಯೆಲ್ಲ ಜುಮ್ಮಂತು. ನಾನು... ತಾಯಿ ಬಂದವ್ಳೆ ಅಂದ್ಕೊಂಡೆ ಕಣಮ್ಮ. ಇಷ್ಟು ವರ್ಷ ಪೂಜೆ ಮಾಡಿದ್ದಕ್ಕೆ ಇವತ್ತು ಕಣ್ ಬಿಟ್ಲು ಅಂತ. ಎಲ್ಲಾರ್ನೂ ಕರ್ದು ಮುಟ್ಸಿದೆ. ಪಕ್ಕದ್ಮನೆ ಸುಬ್ಬಲಕ್ಷ್ಮಮ್ಮನ್ನೂ ಕರ್ದು ಮುಟ್ಸಿ ಕಳಿಸ್ದೆ. ಅವ್ಳೂ ಅತ್ಕೊಂಡು ಕೈ ಮುಗುದ್ಲು.”

“ನಂಗೂ ಒಡೀತು,” ಎಂದ ವೆಂಕಟರಮಣಪ್ಪ, ಗಂಟೆಯನ್ನು ನೆಲಕ್ಕಿಡುತ್ತ. “ಭಕ್ತಿ ಇಲ್ದೋನು ಅಂತ ಬೈತೀಯ ಅಂತ ಬಾಯ್ ಬಿಡ್ಲಿಲ್ಲ.”

ಹೊರಗಿನಿಂದ ಬಂದ ಮುನೀಂದ್ರ ಚಪ್ಪಲಿ ಮೆಟ್ಟಿ, ಒಣ ಹಲಗೆಯ ಮೇಲೆ ನಿಂತು, ಮೇನ್ ಹಾಕಿ, ಟೆಸ್ಟರಿನ ತುದಿಯನ್ನು ಸಿಆರ್‌ಓದ ಮೈಗೆ ತಾಗಿಸಿದ. ಟೆಸ್ಟರಿನ ಹೊಟ್ಟೆಯಲ್ಲಿ ಕೆಂಪು ದೀಪ ಝಗ್ಗನೆ ಹತ್ತಿತು. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಹಾರ ಹಾಕಿಸಿಕೊಂಡ ಆ ಡಬ್ಬಿಯನ್ನು ನೋಡಲೂ ಈಗ ಅವರಿಗೆ ಭಯ.

ಮತ್ತೆ ಮೇನ್ ಇಳಿಸಿ ಮಹಾನಂದಾ ಮುಚ್ಚಳ ಬಿಚ್ಚಿದಳು. ಹಸಿರು ವೈರು ಅವಳು ಮಡಚಿಟ್ಟ ಹಾಗೆಯೇ ಮೂಲೆಯಲ್ಲಿತ್ತು. ಅದನ್ನು ಜಾಗಕ್ಕೆ ಕೂಡಿಸಿ ಬಿಗಿದಳು. ಆಮೇಲೆ ಏನೋ ಅನುಮಾನ ಬಂದು ಕೇಳಿದಳು:

“ಈ ಪ್ಲಗ್ ಪಾಯಿಂಟಿಗೆ ಅರ್ತಿಂಗ್ ಐತಿಲ್ಲೋ ಮುನೀಂದ್ರ?”

ಮುನೀಂದ್ರ ತಲೆ ತಗ್ಗಿಸಿದ. “ಮೂರನೇ ತೂತು ಬರೀ ತೂತೇ ಅಕ್ಕ. ಒಳಗೆ ವೈರೇ ಇಲ್ಲ. ಈ ಬೀದೀಲಿ ಯಾರ್ ಮನೇಲೈತೆ ಹೇಳಿ? ವೈರಿಂಗ್ ಮಾಡಿದ್ ಹನುಮಯ್ಯ ಅದೆಲ್ಲ ಬ್ಯಾಡ ಬಿಡು ಅಂದ.”

ಅಂದರೆ ಅವಳು ಹಸಿರು ವೈರು ಹಾಕಿ ಕಳಿಸಿದ್ದರೂ ಇದೇ ಆಗುತ್ತಿತ್ತು. ಇದನ್ನು ಕೇಳಿ ಅವಳಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಬೀದಿಯ ಉದ್ದಕ್ಕೂ ಮನೆಮನೆಯಲ್ಲಿ ಹೂ ಮುಡಿದು ಕೂತ ಗ್ರೈಂಡರು, ಫ್ರಿಜ್ಜು, ಇಸ್ತ್ರಿಪೆಟ್ಟಿಗೆಗಳನ್ನು, ಅವುಗಳ ಮೇಲಿರುವ ಒದ್ದೆ ಕೈಗಳನ್ನು ನೆನೆದು ಅವಳ ಮೈ ಮತ್ತೊಮ್ಮೆ ತಣ್ಣಗಾಯಿತು.

ಸಿಆರ್‌ಓವನ್ನು ವಾಪಸ್ ಒಯ್ಯುತ್ತೇನೆ ಎಂದಳು. ಪೂಜೆಗಿಟ್ಟ ಆಯುಧವನ್ನು ಇವತ್ತು ಎತ್ತುವಂತಿಲ್ಲ, ವಿಜಯದಶಮಿ ಕಳೆಯಬೇಕು ಎಂದು ವೆಂಕಟರಮಣಪ್ಪ ಅಡ್ಡ ಬಂದ. ಅಲ್ಲಿಯವರೆಗೆ ಯಾರಾದರೂ ಮತ್ತೆ ಹಚ್ಚಿದರೆ? ಮಹಾನಂದಾ ವಾದ ಮಾಡಲಿಲ್ಲ. ಪೂಜೆಯ ಸಾಲಿನಿಂದಲೇ ಕಟಿಂಗ್ ಪ್ಲೇಯರ್ ಎತ್ತಿಕೊಂಡು, ಕುಂಕುಮ ಹಚ್ಚಿದ್ದ ಅದರ ಬಾಯಿಯಲ್ಲೇ ಸಿಆರ್‌ಓದ ವೈರನ್ನು ಕತ್ತರಿಸಿ, ಪ್ಲಗ್ಗನ್ನು ಬೇರೆ ಮಾಡಿದಳು.

ಆಗ ಮೂಲೆಯಿಂದ ಬಿಕ್ಕುವ ಸದ್ದು ಬಂತು. ವೇಣಿ ಮೋಟಾರುಗಳ ಹಿಂದೆ ನಿಂತಿದ್ದಳು.

“ಕಚ್ತು ಅಂದೆ ಅಜ್ಜಿ,” ಎಂದಳು. “ನಾನ್ ಹೇಳ್ದೆ, ಕಚ್ತು ಅಂತ.”

ಅಂಜನಮ್ಮ ಒದ್ದೆ ನೆಲದಲ್ಲೇ ಧೊಪ್ಪನೆ ಕೂತಳು. “ದೇವ್ರು ಕಚ್ಚಲ್ಲ ಕಂದ ಅಂತ ಎರಡ್ನೇ ಸಲ ಹಿಡ್ದು ಮುಟ್ಸಿದ್ನಲ್ಲಪ್ಪಾ! ಅಳ್ಬೇಡ ಅಂತ ಬೈದೂ ಮುಟ್ಸಿದ್ನಲ್ಲಾ! ಮೂರ್ನೇ ಸಲ ಮುಟ್ಸಕ್ಕೆ ಹೋಗಿದ್ನಲ್ಲಾ!” ಎಂದು ತಲೆ ಚಚ್ಚಿಕೊಂಡು ಅತ್ತಳು.

ಮಹಾನಂದಾ ಮೊಣಕಾಲೂರಿ ಮಗುವಿನ ಹತ್ತಿರ ಹೋದಳು. ಹುಟ್ಟಿದ ಕೂಸನ್ನು ಎತ್ತಿಕೊಂಡ ಕೈಗಳನ್ನು ಚಾಚಿದಳು. “ಬಾ ಚಿನ್ನಾ, ಇನ್ನ ಕಚ್ಚಂಗಿಲ್ಲ. ಅದರ ಬಾಲಾನೇ ಕಡದೀನಿ ನೋಡು. ಬಾ, ನಿನ್ನ ಕೈ ತೋರ್ಸು.”

ವೇಣಿ ಬಿಕ್ಕು ನಿಲ್ಲಿಸಿ ಅವಳನ್ನೇ ನೋಡಿದಳು.

“ಅದ್ನ ನೀನ್ ಮಾಡಿದ್ದಾ?”

ಮಹಾನಂದಾಗೆ ಮಗುವಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಹೌದವ್ವಾ. ನಾನೇ ಮಾಡಿದ್ದು.”

ವೇಣಿ ತನ್ನೆರಡು ಕೈಗಳನ್ನೂ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.